ತೆರಿಗೆಯ ಪಾಲು: ಹಕ್ಕೋ, ಖೈರಾತೋ?

2024ರ ಫೆಬ್ರವರಿ 7ರಂದು ಕರ್ನಾಟಕದ ಮುಖ್ಯಮಂತ್ರಿ ಸಿದ್ದರಾಮಯ್ಯನವರು ತಮ್ಮ ಮಂತ್ರಿಗಳನ್ನೂ ಶಾಸಕರನ್ನೂ ಕರೆದುಕೊಂಡು ಹೋಗಿ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕುಳಿತರು. ಮರುದಿನ ಅಲ್ಲಿಯೇ ಕೇರಳದ ಸರಕಾರವೂ ಕುಳಿತಿತು. ಚುನಾಯಿತ ಸರಕಾರವೊಂದು ಇನ್ನೊಂದು ಚುನಾಯಿತ ಸರಕಾರದ ಬಾಗಿಲಿಗೆ ಹೋಗಿ ಧಿಕ್ಕಾರ ಕೂಗುವುದು ನಮ್ಮ ಒಕ್ಕೂಟದಲ್ಲಿ ದಿನವೂ ಕಾಣುವ ದೃಶ್ಯವೇನಲ್ಲ. ಆ ದಿನಗಳಲ್ಲಿ ಬ್ಯಾನರುಗಳ ಮೇಲೆ, ಮೊಬೈಲುಗಳಲ್ಲಿ, ಟಿ.ವಿ. ಚರ್ಚೆಗಳಲ್ಲಿ ಒಂದೇ ಘೋಷಣೆ ಓಡಾಡಿತು: 'ನನ್ನ ತೆರಿಗೆ ನನ್ನ ಹಕ್ಕು'.

ಉರ್ದು ಶಾಲೆಯ ಬೆಂಚಿನ ಮೇಲೂ ಕನ್ನಡ ಶಾಲೆಯ ಬೆಂಚಿನ ಮೇಲೂ ಕುಳಿತು ಬಂದ ನಮ್ಮಂಥವರಿಗೆ ಈ ಘೋಷಣೆಯ ಕೊನೆಯ ಪದ ಸುಮ್ಮನೆ ಬಿಡುವುದಿಲ್ಲ. ಹಕ್ಕು ಎಂಬುದು ಅರಬ್ಬಿಯ ಹಕ್. ಅರಬ್ಬಿಯಲ್ಲೂ ಉರ್ದುವಿನಲ್ಲೂ ಅದಕ್ಕೆ ಎರಡು ಅರ್ಥ. ಒಬ್ಬನಿಗೆ ನ್ಯಾಯವಾಗಿ ಸಲ್ಲಬೇಕಾದ ಪಾಲು ಎಂಬುದು ಒಂದು. ಸತ್ಯ ಎಂಬುದು ಇನ್ನೊಂದು. 'ಹಕ್ ಬಾತ್' ಎಂದರೆ ನಿಜವಾದ ಮಾತು. ಕನ್ನಡಕ್ಕೆ ಬರುವಾಗ ಈ ಪದ ಪಾಲನ್ನು ಹೊತ್ತು ತಂದಿತು, ಸತ್ಯವನ್ನು ಹಿಂದೆಯೇ ಬಿಟ್ಟಿತು. ಹಣದ ವಿಷಯಕ್ಕೆ ಬಂದರೆ ನಮ್ಮ ಕನ್ನಡದಲ್ಲಿ ಇಂಥ ಪದಗಳದ್ದೇ ಸಂತೆ. ಖಜಾನೆ, ವಸೂಲಿ, ಜಮೆ, ಖರ್ಚು, ಬಾಕಿ, ಹಿಸ್ಸೆ, ಜಮಾಬಂದಿ, ತಹಶೀಲ್ದಾರ, ಕೊನೆಗೆ ತಕರಾರು ಮತ್ತು ರಾಜಿ. ಇವುಗಳ ನಡುವೆ ಅಪ್ಪಟ ಸಂಸ್ಕೃತದ ಒಂದು ಪದ ಮಾತ್ರ ಗಂಭೀರವಾಗಿ ಕುಳಿತಿದೆ: ಅನುದಾನ. ಅದರ ಹೊಟ್ಟೆಯೊಳಗೆ ದಾನ ಇದೆ. ಕೇಂದ್ರ ರಾಜ್ಯಕ್ಕೆ ಕೊಡುವುದನ್ನು ಅನುದಾನ ಎನ್ನುತ್ತೇವೆ, ರಾಜ್ಯ ಕೇಂದ್ರದಿಂದ ಕೇಳುವುದನ್ನು ಹಕ್ಕು ಎನ್ನುತ್ತೇವೆ. ಕೊಡುವವರ ಬಾಯಲ್ಲಿ ಖೈರಾತು, ಕೇಳುವವರ ಬಾಯಲ್ಲಿ ಹಕ್ಕು. ಒಂದೇ ರೂಪಾಯಿಗೆ ಎರಡು ಹೆಸರು ಯಾಕೆ ಬಂತು ಎಂಬುದೇ ಈ ಬರಹದ ವಿಷಯ.

ಮೊದಲು ದೂರು ಏನೆಂದು ನೋಡೋಣ. ಸಂವಿಧಾನದ 280ನೇ ವಿಧಿಯ ಪ್ರಕಾರ ಐದು ವರ್ಷಕ್ಕೊಮ್ಮೆ ಒಂದು ಹಣಕಾಸು ಆಯೋಗ ರಚನೆಯಾಗುತ್ತದೆ. ಆದಾಯ ತೆರಿಗೆ, ಕಂಪೆನಿ ತೆರಿಗೆ, ಕೇಂದ್ರದ ಜಿ.ಎಸ್.ಟಿ. ಮೊದಲಾದವುಗಳಿಂದ ಬಂದ ಹಣದಲ್ಲಿ ರಾಜ್ಯಗಳೆಲ್ಲಕ್ಕೂ ಸೇರಿ ಎಷ್ಟು, ಅದರಲ್ಲಿ ಯಾವ ರಾಜ್ಯಕ್ಕೆ ಎಷ್ಟು ಎಂದು ಅದು ಹೇಳುತ್ತದೆ. ವೈ.ವಿ. ರೆಡ್ಡಿಯವರ 14ನೇ ಆಯೋಗ ರಾಜ್ಯಗಳ ಒಟ್ಟು ಪಾಲನ್ನು ಶೇ. 32ರಿಂದ 42ಕ್ಕೆ ಏರಿಸಿತು. ಅದರೊಳಗೆ ಕರ್ನಾಟಕಕ್ಕೆ ಶೇ. 4.713. ಎನ್.ಕೆ. ಸಿಂಗ್ ಅವರ 15ನೇ ಆಯೋಗ ಬಂದಾಗ, ಜಮ್ಮು ಕಾಶ್ಮೀರ ರಾಜ್ಯದ ಸ್ಥಾನ ಕಳೆದುಕೊಂಡಿದ್ದರಿಂದ ಒಟ್ಟು ಪಾಲು 41 ಆಯಿತು. ಕರ್ನಾಟಕದ ಪಾಲು ಶೇ. 3.647ಕ್ಕೆ ಕುಸಿಯಿತು. ಐದನೇ ಒಂದಕ್ಕಿಂತ ಹೆಚ್ಚು ಕಡಿತ! ಕೇರಳದ್ದು 2.5ರಿಂದ 1.925ಕ್ಕೆ ಇಳಿಯಿತು. ಉತ್ತರ ಪ್ರದೇಶಕ್ಕೆ 17.939, ಬಿಹಾರಕ್ಕೆ 10.058 ಸಿಕ್ಕಿತು. ನಮ್ಮಿಂದ ನೂರು ರೂಪಾಯಿ ಹೋದರೆ ನಮಗೆ ಮರಳುವುದು ಹನ್ನೆರಡು ಹದಿಮೂರು ರೂಪಾಯಿ ಮಾತ್ರ ಎಂದು ನಮ್ಮ ರಾಜ್ಯ ಸರಕಾರ ಲೆಕ್ಕ ಹೇಳಿತು. ಆ ಲೆಕ್ಕ ಚಹಾದಂಗಡಿಗಳವರೆಗೂ ತಲುಪಿತು. ಸಂಸದರೊಬ್ಬರು ಪ್ರತ್ಯೇಕ ರಾಷ್ಟ್ರದ ಮಾತಾಡಿ ವಿವಾದವನ್ನೂ ಮೈಮೇಲೆ ಎಳೆದುಕೊಂಡರು.

ಇಲ್ಲಿ ನಾವು ಒಂದು ಮನೆಯ ಕಥೆ ಹೇಳಬೇಕು. ಇದು ಯಾವ ಒಂದು ಮನೆಯ ಕಥೆಯೂ ಅಲ್ಲ, ನಮ್ಮ ಊರುಗಳಲ್ಲಿ ಎಲ್ಲರೂ ನೋಡಿರುವ ಮನೆಯದು. ಅಪ್ಪ ತೀರಿಕೊಂಡ ಮೇಲೂ ಒಟ್ಟಿಗೇ ಇರುವ ಮೂವರು ಅಣ್ಣತಮ್ಮಂದಿರು. ಹಿರಿಯನ ಕೈಯಲ್ಲಿ ಮನೆಯ ಯಜಮಾನಿಕೆ ಮತ್ತು ಬೀಗದ ಕೈ. ನಡುವಿನವನು ದಮ್ಮಾಮ್‌ನಲ್ಲಿ ದುಡಿಯುತ್ತಾನೆ, ತಿಂಗಳು ತಿಂಗಳು ಹಣ ಕಳಿಸುತ್ತಾನೆ. ಕಿರಿಯವನು ಊರಲ್ಲಿದ್ದು ಇರುವ ಎರಡು ಎಕರೆ ಹೊಲವನ್ನೂ ಲಕ್ವ ಹೊಡೆದು ಮಲಗಿರುವ ಅಮ್ಮನನ್ನೂ ನೋಡಿಕೊಳ್ಳುತ್ತಾನೆ. ಅವನ ಕೈಯಲ್ಲಿ ಕಾಸು ಆಡುವುದಿಲ್ಲ. ರಜೆಗೆ ಬಂದ ನಡುವಿನವನು ಒಂದು ರಾತ್ರಿ ಊಟವಾದ ಮೇಲೆ ಲೆಕ್ಕದ ಚೀಟಿ ತೆಗೆಯುತ್ತಾನೆ. "ಭಾಯಿಜಾನ್, ನಾನು ಕಳಿಸಿದ್ದು ನೂರು. ನನ್ನ ಹೆಂಡತಿ ಮಕ್ಕಳಿಗೆ ಮುಟ್ಟಿದ್ದು ಹದಿಮೂರು. ಉಳಿದದ್ದು ಎಲ್ಲಿ ಹೋಯಿತು?"

ಪ್ರಶ್ನೆ ತಪ್ಪೇ? ಖಂಡಿತ ಅಲ್ಲ. ಬಿಸಿಲಲ್ಲಿ ಬೆಂದವನು ಅವನು. ಹಾಗೆ ಕೇಳಿದಾಗ ಕಿರಿಯವನು ತಲೆ ತಗ್ಗಿಸುತ್ತಾನೆ. ಆದರೆ ಬಾಗಿಲ ಮರೆಯಿಂದ ಅವನ ಹೆಂಡತಿ ಮೆಲ್ಲಗೆ ಹೇಳುತ್ತಾಳೆ: "ಭಾಯಿ ಸಾಬ್ ಅವರ ವೀಸಾಕ್ಕೆ ದುಡ್ಡು ಎಲ್ಲಿಂದ ಬಂತು ಅಂತಲೂ ಆ ಚೀಟಿಯಲ್ಲಿ ಬರೆದುಕೊಳ್ಳಲಿ." ಅಮ್ಮನ ಬಳೆಗಳೂ ಕಿರಿಯವನ ಪಾಲಿಗೆ ಬರಬೇಕಿದ್ದ ಒಂದು ತುಂಡು ಜಮೀನೂ ಮಾರಾಟವಾಗಿ ಆ ವೀಸಾ ಬಂದಿತ್ತು. ಮನೆಯಲ್ಲಿ ಗಲಾಟೆ ಶುರುವಾಗುತ್ತದೆ. ಅವನು ಇವನನ್ನು ದಂಡಪಿಂಡ ಎನ್ನುತ್ತಾನೆ, ಇವನು ಅವನನ್ನು ದುಡ್ಡಿನ ಮದ ಎನ್ನುತ್ತಾನೆ. ಅಷ್ಟು ಹೊತ್ತೂ ಹಿರಿಯನ ಕೋಣೆಯಲ್ಲಿರುವ ಒಂದು ತಗಡಿನ ಡಬ್ಬಿಯ ಬಗ್ಗೆ ಇಬ್ಬರೂ ಮಾತೆತ್ತುವುದಿಲ್ಲ. ದಮ್ಮಾಮ್‌ನಿಂದ ಬಂದ ಹಣದಲ್ಲಿ ಐದನೇ ಒಂದು ಪಾಲು ಮೊದಲು ಆ ಡಬ್ಬಿಗೆ ಹೋಗುತ್ತದೆ, ಉಳಿದದ್ದು ಮಾತ್ರ ಹಂಚಿಕೆಗೆ ಬರುತ್ತದೆ. ಕೇಳಿದರೆ, ಮಾಡು ರಿಪೇರಿಗೆ ಎಂದು ಉತ್ತರ.

ಕಥೆ ಬರೆಯುವವರ ಚಾಳಿ ಇದು, ಓದುಗರು ಕ್ಷಮಿಸಬೇಕು. ಮತ್ತೆ ಕಾಗದಪತ್ರಕ್ಕೆ ಬರೋಣ.

ನಡುವಿನವನ ವಾದ ಕರ್ನಾಟಕ ಹುಟ್ಟುಹಾಕಿದ್ದಲ್ಲ. ಕೆ.ಸಿ. ನಿಯೋಗಿಯವರ ಅಧ್ಯಕ್ಷತೆಯ ಮೊದಲ ಹಣಕಾಸು ಆಯೋಗದ ಮುಂದೆ 1952ರಲ್ಲಿ ಇದೇ ವಾದವನ್ನು ಮುಂಬಯಿ ಮತ್ತು ಪಶ್ಚಿಮ ಬಂಗಾಳ ರಾಜ್ಯಗಳು ಮಂಡಿಸಿದ್ದವು. ಆದಾಯ ತೆರಿಗೆ ಎಲ್ಲಿ ಸಂಗ್ರಹವಾಯಿತೋ ಅಲ್ಲಿಗೇ ಮರಳಬೇಕು ಎಂದು ಅವು ಹೇಳಿದವು. ತಲೆ ಎಣಿಸಿ ಕೊಡಿ ಎಂದು ಉತ್ತರ ಪ್ರದೇಶ, ಬಿಹಾರಗಳು ಹೇಳಿದವು. ಆಯೋಗ ಎರಡನ್ನೂ ಕೇಳಿ, ಆದಾಯ ತೆರಿಗೆಯ ಶೇ. 55ನ್ನು ರಾಜ್ಯಗಳಿಗೆ ಕೊಟ್ಟು, ಅದನ್ನು ಹಂಚುವಾಗ ಶೇ. 80ನ್ನು ಜನಸಂಖ್ಯೆಯ ಮೇಲೂ 20ನ್ನು ಸಂಗ್ರಹದ ಮೇಲೂ ಹಂಚಿತು. ಆ ಇಪ್ಪತ್ತು ಮುಂದಿನ ದಶಕಗಳಲ್ಲಿ ಕರಗಿಹೋಯಿತು. ಬಡತನದ ಅಳತೆ ಅದರ ಜಾಗಕ್ಕೆ ಬಂತು. 15ನೇ ಆಯೋಗದ ಸೂತ್ರದಲ್ಲಿ ಶೇ. 45ರಷ್ಟು ತೂಕ 'ಆದಾಯದ ಅಂತರ'ಕ್ಕೇ ಇತ್ತು, ಅಂದರೆ ಶ್ರೀಮಂತ ರಾಜ್ಯವೊಂದರ ತಲಾ ಆದಾಯಕ್ಕೂ ನಿಮ್ಮದಕ್ಕೂ ಎಷ್ಟು ದೂರವೋ ಅಷ್ಟು ಪಾಲು. ಜನಸಂಖ್ಯೆಗೆ 15, ವಿಸ್ತೀರ್ಣಕ್ಕೆ 15, ಜನಸಂಖ್ಯೆ ಹತೋಟಿಯ ಸಾಧನೆಗೆ 12.5, ಕಾಡಿಗೆ 10. ತೆರಿಗೆ ವಸೂಲಿಯ ಶ್ರಮಕ್ಕೆ ಎರಡೂವರೆ.

ಹಾಗಾದರೆ ಕರ್ನಾಟಕ ಬಿದ್ದದ್ದು ಹೇಗೆ? ತಾನು ಓಡಿದ್ದರಿಂದಲೇ ಬಿದ್ದಿತು. ತಲಾ ಆದಾಯ ಏರಿದಂತೆ 'ಅಂತರ' ಕಡಿಮೆಯಾಯಿತು, ಪಾಲು ಇಳಿಯಿತು. ಆದರೆ ಈ ತಲಾ ಆದಾಯ ಯಾರ ತಲೆಯದು? ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ಸಾಫ್ಟ್‌ವೇರ್ ಕೆಲಸಗಾರನ ಸಂಬಳ ಏರಿದಾಗ ದೆಹಲಿಯ ಕಡತದಲ್ಲಿ ರಾಯಚೂರು ಜಿಲ್ಲೆಯ ದೇವದುರ್ಗದ ಕೂಲಿಯವಳೂ ಶ್ರೀಮಂತಳಾಗುತ್ತಾಳೆ. ಅವಳಿಗೆ ಆ ಸುದ್ದಿ ತಲುಪುವುದಿಲ್ಲ. ಅವಳ ಊರಿನ ಆಸ್ಪತ್ರೆಗೆ ಬರಬೇಕಾದ ಹಣ ಬರದಿದ್ದಾಗ ಮಾತ್ರ ಅದರ ಪರಿಣಾಮ ತಲುಪುತ್ತದೆ. ಸರಾಸರಿ ಎಂಬುದು ಬಡವರ ಪಾಲಿಗೆ ಒಂದು ಕ್ರೂರ ತಮಾಷೆ. ಕರ್ನಾಟಕದ ದೂರಿನಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ಭಾಗ ಇದೇ ಎಂದು ನಮಗನ್ನಿಸುತ್ತದೆ. ವಿಪರ್ಯಾಸವೆಂದರೆ ಧರಣಿಯ ವೇದಿಕೆಯಿಂದ ದೊಡ್ಡದಾಗಿ ಕೇಳಿಬಂದದ್ದು ಬೆಂಗಳೂರಿನ ಗಳಿಕೆಯ ಹೆಮ್ಮೆ. ದೇವದುರ್ಗದ ಬಡತನ ಅಷ್ಟು ದೊಡ್ಡ ದನಿಯಲ್ಲಿ ಕೇಳಿಸಲಿಲ್ಲ.

'ನೂರಕ್ಕೆ ಹದಿಮೂರು' ಎಂಬ ಅಳತೆಗೋಲಿನ ತೊಂದರೆಯೂ ಇಲ್ಲಿಯೇ ಇದೆ. ಗಳಿಸಿದ ಕಡೆಗೇ ಹಣ ಮರಳಬೇಕೆಂಬುದು ನ್ಯಾಯವಾದರೆ ಆ ನ್ಯಾಯ ರಾಜ್ಯದ ಗಡಿಗೆ ಬಂದು ಯಾಕೆ ನಿಲ್ಲಬೇಕು? ರಾಜ್ಯದ ಉತ್ಪನ್ನದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಬೆಂಗಳೂರು ಒಂದರಿಂದಲೇ ಬರುತ್ತದೆ. ಬೆಂಗಳೂರಿಗ ನಾಳೆ ಎದ್ದು, ನನ್ನ ನೂರು ರೂಪಾಯಿಯಲ್ಲಿ ನನ್ನ ರಸ್ತೆ ಗುಂಡಿಗೆ ಬಂದದ್ದೆಷ್ಟು, ಯಾದಗಿರಿಗೆ ಹೋದದ್ದೆಷ್ಟು ಎಂದು ಕೇಳಿದರೆ ನಮ್ಮ ಬಳಿ ಉತ್ತರವೇನು? ನಾವು ಬಿಹಾರಕ್ಕೆ ಹೇಳಿದ ಮಾತನ್ನೇ ಅವನು ಯಾದಗಿರಿಗೆ ಹೇಳುತ್ತಾನೆ. ಅವನ ನಂತರ ಇಂದಿರಾನಗರದವನು ತನ್ನದೇ ನಗರದ ಕೊಳಚೆ ಪ್ರದೇಶಕ್ಕೆ ಹೇಳುತ್ತಾನೆ. ಕೊನೆಗೆ ಆದಾಯ ತೆರಿಗೆ ಕಟ್ಟುವವನು ರೇಷನ್ ಕಾರ್ಡಿನವನಿಗೆ ಹೇಳುತ್ತಾನೆ. ಕೊನೆಯದನ್ನು ಈಗಾಗಲೇ ದಿನವೂ ಕೇಳುತ್ತಿದ್ದೇವೆ. ಅನ್ನಭಾಗ್ಯದ ಅಕ್ಕಿಗೆ, ಹೆಂಗಸರ ಬಸ್ ಟಿಕೆಟಿಗೆ, ಹಾಸ್ಟೆಲಿನ ಊಟಕ್ಕೆ, ಅಲ್ಪಸಂಖ್ಯಾತ ಮಕ್ಕಳ ವಿದ್ಯಾರ್ಥಿ ವೇತನಕ್ಕೆ 'ನಮ್ಮ ತೆರಿಗೆ ದುಡ್ಡು' ಎನ್ನುವ ಬಾಯಿಗಳಿವೆ. ಬೆಂಕಿಪೊಟ್ಟಣ ಕೊಂಡ ಭಿಕ್ಷುಕನೂ ತೆರಿಗೆ ಕಟ್ಟಿರುತ್ತಾನೆ ಎಂಬುದು ಆ ಬಾಯಿಗಳಿಗೆ ನೆನಪಾಗುವುದಿಲ್ಲ.

ಅಷ್ಟೇ ಅಲ್ಲ, 'ನನ್ನ ತೆರಿಗೆ' ಎಂಬುದರಲ್ಲಿ ನನ್ನದೆಷ್ಟು? ಬೆಂಗಳೂರಿನಲ್ಲಿ ಮುಖ್ಯ ಕಚೇರಿ ಇರುವ ಕಂಪೆನಿ ತನ್ನ ಲಾಭದ ತೆರಿಗೆಯನ್ನು ಬೆಂಗಳೂರಿನಲ್ಲಿ ಕಟ್ಟುತ್ತದೆ. ಆ ಲಾಭ ಪಟ್ನಾದ ಗಿರಾಕಿಯಿಂದಲೂ ಬಂದಿರುತ್ತದೆ, ಗುವಾಹಟಿಯ ಗಿರಾಕಿಯಿಂದಲೂ ಬಂದಿರುತ್ತದೆ. ಮುಂಬಯಿ ನಗರ ದೇಶಕ್ಕೆಲ್ಲ ತೆರಿಗೆ ಕಟ್ಟುವಂತೆ ಕಾಣುವುದೂ ಇದೇ ಕಾರಣಕ್ಕೆ. ಇನ್ನು ಬೆಂಗಳೂರಿನ ಮೆಟ್ರೊ ಕಂಬಗಳ ಕೆಳಗೆ, ಅಪಾರ್ಟ್‌ಮೆಂಟುಗಳ ಸಾರುವೆಯ ಮೇಲೆ ನಿಂತಿರುವ ಬಿಹಾರ, ಜಾರ್ಖಂಡ್, ಬಂಗಾಳದ ಹುಡುಗರನ್ನು ನೋಡಿ. ಹುಟ್ಟಿಸಿ, ಲಸಿಕೆ ಹಾಕಿಸಿ, ನಾಲ್ಕಕ್ಷರ ಕಲಿಸಿ, ಇಪ್ಪತ್ತು ವರ್ಷ ಸಾಕಿದ್ದು ಆ ರಾಜ್ಯಗಳು. ದುಡಿಮೆ ಸಿಕ್ಕಿದ್ದು ನಮಗೆ. ಬೆನ್ನು ಬಗ್ಗಿದಾಗ ಮರಳುವುದೂ ಅಲ್ಲಿಗೇ. 2020ರ ಲಾಕ್‌ಡೌನಿನಲ್ಲಿ ಅವರು ಹೆದ್ದಾರಿಯಲ್ಲಿ ನಡೆದು ಹೋದಾಗ ಅವರ ಬೆನ್ನ ಮೇಲಿದ್ದ ಗಂಟಿನಲ್ಲಿ ನಮ್ಮ ರಾಜ್ಯದ ಉತ್ಪನ್ನದ ಪಾಲು ಎಷ್ಟಿತ್ತು ಎಂದು ಯಾರೂ ಲೆಕ್ಕ ಹಾಕಲಿಲ್ಲ.

ಬಾಗಿಲ ಮರೆಯಿಂದ ಬಂದ ಆ ಹೆಂಗಸಿನ ಮಾತು, ವೀಸಾದ ದುಡ್ಡಿನ ಮಾತು, ಅದಕ್ಕೂ ಇಲ್ಲಿ ಜಾಗವಿದೆ. 1950ರ ದಶಕದಲ್ಲಿ ಕೇಂದ್ರ ಸರಕಾರ ಸಾಗಣೆ ವೆಚ್ಚ ಸಮೀಕರಣ ಎಂಬ ನೀತಿಯನ್ನು ತಂದಿತು. ಕಬ್ಬಿಣ, ಉಕ್ಕು ದೇಶದ ಯಾವ ಮೂಲೆಯಲ್ಲಿ ಕೊಂಡರೂ ಒಂದೇ ಬೆಲೆ, ಸಾಗಣೆಯ ಹೆಚ್ಚುವರಿ ಭಾರವನ್ನು ವ್ಯವಸ್ಥೆಯೇ ತುಂಬಿಕೊಡುತ್ತದೆ. ದೇಶವೆಲ್ಲ ಸಮನಾಗಿ ಬೆಳೆಯಲಿ ಎಂಬುದು ಉದ್ದೇಶ. ಆದದ್ದೇನು? ಗಣಿಗಳ ಪಕ್ಕದಲ್ಲೇ ಕಾರ್ಖಾನೆ ಕಟ್ಟಬೇಕಾದ ಅಗತ್ಯ ಯಾರಿಗೂ ಉಳಿಯಲಿಲ್ಲ. ಅಂದಿನ ಬಿಹಾರ, ಒಡಿಶಾ, ಪಶ್ಚಿಮ ಬಂಗಾಳಗಳಿಗೆ ಭೂಮಿಯೇ ಕೊಟ್ಟಿದ್ದ ಅನುಕೂಲ ಕೈತಪ್ಪಿತು. ಬಂದರುಗಳಿದ್ದ ಪಶ್ಚಿಮದ ಮತ್ತು ದಕ್ಷಿಣದ ರಾಜ್ಯಗಳು ಕೈಗಾರಿಕೆ ಕಟ್ಟಿಕೊಂಡವು. 1990ರ ದಶಕದ ಆರಂಭದವರೆಗೂ ಇದು ನಡೆಯಿತು. ಬಿಹಾರದ ಬಡತನಕ್ಕೆ ಇದೊಂದೇ ಕಾರಣ ಎಂದು ನಾವು ಹೇಳುವುದಿಲ್ಲ. ಜಮೀನ್ದಾರಿ, ಜಾತಿ, ಅಲ್ಲಿಯ ಆಳುವವರ ಹೊಣೆಗೇಡಿತನ ಎಲ್ಲವೂ ಇವೆ. ಆದರೆ ಮೂವತ್ತಕ್ಕೂ ಹೆಚ್ಚು ವರ್ಷ ಅವರು ಇಡೀ ದೇಶಕ್ಕೆ ಕೊಟ್ಟ ಈ ರಿಯಾಯಿತಿಯನ್ನು ಯಾವ ಹಣಕಾಸು ಆಯೋಗದ ಸೂತ್ರವೂ ಸಾಲವೆಂದು ಬರೆದುಕೊಂಡಿಲ್ಲ. ಇಂದು ಬಿಹಾರದವನ ತಲಾ ಆದಾಯ ಕರ್ನಾಟಕದವನದರ ಸುಮಾರು ಐದನೇ ಒಂದು.

ಜನಸಂಖ್ಯೆಯ ತಕರಾರು ಇದಕ್ಕಿಂತ ಸೂಕ್ಷ್ಮವಾದದ್ದು. 1976ರಲ್ಲಿ ರಾಷ್ಟ್ರೀಯ ಜನಸಂಖ್ಯಾ ನೀತಿ ಬಂದಾಗ, ಕುಟುಂಬ ಯೋಜನೆ ಮಾಡಿದ ರಾಜ್ಯಗಳಿಗೆ ನಷ್ಟವಾಗದಿರಲಿ ಎಂದು 1971ರ ಜನಗಣತಿಯನ್ನೇ ಹಂಚಿಕೆಗೆ ಬಳಸುವ ಮಾತಾಯಿತು. ದಶಕಗಳ ಕಾಲ ಹಾಗೆಯೇ ನಡೆಯಿತು. 15ನೇ ಆಯೋಗ ಅದನ್ನು ಬಿಟ್ಟು 2011ರ ಗಣತಿಗೆ ಬಂತು, ಸಮಾಧಾನಕ್ಕೆಂದು ಹತೋಟಿಯ ಸಾಧನೆಗೂ ಒಂದಷ್ಟು ತೂಕ ಇಟ್ಟಿತು. ದಕ್ಷಿಣದ ರಾಜ್ಯಗಳ ಸಿಟ್ಟು ಅರ್ಥವಾಗುವಂಥದ್ದೇ. ಕೊಟ್ಟ ಮಾತು ಎಂಬುದಕ್ಕೆ ಬೆಲೆ ಇರಬೇಕು. ಆದರೆ ಆ ಸಿಟ್ಟು 'ಅವರು ಹೆರುತ್ತಾರೆ, ನಾವು ಸಾಕಬೇಕೆ' ಎಂಬ ಮಾತಿಗೆ ಇಳಿದಾಗ ನಮಗೆ ಮೈ ಮುದುಡುತ್ತದೆ. ಜನಸಂಖ್ಯೆಯ ಹೆಸರಿನಲ್ಲಿ ಬೈಗುಳ ತಿಂದು ಅಭ್ಯಾಸವಿರುವ ನಮಗೆ ಅದೇ ಬೈಗುಳವನ್ನು ಇನ್ನೊಬ್ಬರ ಮೇಲೆ ಎಸೆಯಲು ನಾಲಗೆ ಏಳುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಒಬ್ಬ ಹೆಂಗಸಿಗೆ ಬಿಹಾರದಲ್ಲಿ ಸರಾಸರಿ ಮೂರು ಮಕ್ಕಳು, ಕರ್ನಾಟಕದಲ್ಲಿ 1.7. ಈ ಅಂತರ ಶಾಲೆಗೆ ಹೋದ ಮತ್ತು ಹೋಗದ ಹೆಣ್ಣುಮಕ್ಕಳ ನಡುವಿನ ಅಂತರ. ಶಾಲೆ ಇಲ್ಲದ ಊರಿನಲ್ಲಿ ಹುಟ್ಟಿದ ಹುಡುಗಿಗೆ, ನಿಮ್ಮ ಊರಿನಲ್ಲಿ ಮಕ್ಕಳು ಹೆಚ್ಚು ಎಂದು ಶಾಲೆಯ ಹಣ ಕಡಿತ ಮಾಡುವುದು ಯಾವ ನ್ಯಾಯ?

ಹಾಗಾದರೆ ಕರ್ನಾಟಕಕ್ಕೆ ತಕರಾರೇ ಇಲ್ಲವೇ? ಇದೆ, ದೊಡ್ಡದೇ ಇದೆ. ಅದು ಹಿರಿಯನ ಕೋಣೆಯ ತಗಡಿನ ಡಬ್ಬಿಯಲ್ಲಿದೆ.

ಕೇಂದ್ರ ವಸೂಲು ಮಾಡುವ ಎಲ್ಲ ತೆರಿಗೆಯೂ ಹಂಚಿಕೆಗೆ ಬರುವುದಿಲ್ಲ. 2000ದ ಇಸವಿಯ 80ನೇ ತಿದ್ದುಪಡಿಯ ನಂತರ ಕೇಂದ್ರದ ಬಹುತೇಕ ಎಲ್ಲ ತೆರಿಗೆಗಳೂ ಹಂಚಿಕೆಯ ಗಂಟಿಗೆ ಸೇರಿದವು. ಆದರೆ ಸೆಸ್ ಮತ್ತು ಸರ್‌ಚಾರ್ಜ್‌ಗಳನ್ನು ಸಂವಿಧಾನವೇ ಹೊರಗಿಟ್ಟಿತು. ಮೇಲೆ ಬಂದವರಿಗೆ ದಾರಿ ಸಿಕ್ಕಂತಾಯಿತು. ತೆರಿಗೆ ಹೆಚ್ಚಿಸಿದರೆ ರಾಜ್ಯಗಳೊಂದಿಗೆ ಹಂಚಬೇಕು, ಸೆಸ್ ಹಾಕಿದರೆ ಹಂಚಬೇಕಾಗಿಲ್ಲ! 2011-12ರಲ್ಲಿ ಕೇಂದ್ರದ ಒಟ್ಟು ತೆರಿಗೆಯಲ್ಲಿ ಇವೆರಡರ ಭಾಗ ಶೇ. 10ರ ಆಸುಪಾಸಿನಲ್ಲಿತ್ತು, 2020-21ರ ಹೊತ್ತಿಗೆ 20ರ ಹತ್ತಿರ ಬಂತು. ನೂರು ರೂಪಾಯಿಯಲ್ಲಿ ಇಪ್ಪತ್ತು ಡಬ್ಬಿಗೆ ಹೋದರೆ ಉಳಿದ ಎಂಬತ್ತರಲ್ಲಿ ಶೇ. 41 ಎಂದರೆ ಮೂವತ್ತೆರಡು ರೂಪಾಯಿ ಎಂಬತ್ತು ಪೈಸೆ. ಕಾಗದದ ಮೇಲೆ ನಲವತ್ತೊಂದು, ಕೈಗೆ ಮೂವತ್ತಮೂರರ ಒಳಗೆ. ಪೆಟ್ರೋಲನ್ನು ನೋಡಿ. 2021ರಲ್ಲಿ ಲೀಟರಿಗೆ ಕೇಂದ್ರದ ಅಬಕಾರಿ ಸುಂಕ 32 ರೂಪಾಯಿ 90 ಪೈಸೆ ಇತ್ತಲ್ಲ, ಅದರಲ್ಲಿ ರಾಜ್ಯಗಳೊಂದಿಗೆ ಹಂಚಿಕೊಳ್ಳಬೇಕಾದ ಮೂಲ ಸುಂಕ ಕೇವಲ 1 ರೂಪಾಯಿ 40 ಪೈಸೆ. ಬಂಕಿನಲ್ಲಿ ಬೈಕಿಗೆ ಪೆಟ್ರೋಲ್ ಹಾಕಿಸಿಕೊಂಡು ಕೇಂದ್ರಕ್ಕೋ ರಾಜ್ಯಕ್ಕೋ ಯಾರಿಗೋ ಬೈದುಕೊಳ್ಳುತ್ತಾ ಹೋದ ನಮ್ಮಲ್ಲಿ ಎಷ್ಟು ಮಂದಿಗೆ ಈ ಲೆಕ್ಕ ಗೊತ್ತಿತ್ತು?

ಇಲ್ಲಿ ಗಮನಿಸಬೇಕಾದದ್ದು, ಡಬ್ಬಿಗೆ ಹೋದ ಹಣದಲ್ಲಿ ಕರ್ನಾಟಕದ ಪಾಲಿನಷ್ಟೇ ಬಿಹಾರದ ಪಾಲೂ ಇದೆ. ಸೂತ್ರದ ಪ್ರಕಾರ ಬಿಹಾರದ್ದೇ ಹೆಚ್ಚು. ನ್ಯಾಯವಾಗಿ ನೋಡಿದರೆ ಈ ವಿಷಯದಲ್ಲಿ ಪಟ್ನಾ ಮತ್ತು ಬೆಂಗಳೂರು ಒಂದೇ ಕಡೆ ನಿಲ್ಲಬೇಕಿತ್ತು. ನಿಲ್ಲುವುದಿಲ್ಲ, ಯಾಕೆಂದರೆ ಹಿರಿಯನ ಜಾಣತನ ಇರುವುದೇ ತಮ್ಮಂದಿರನ್ನು ಎದುರುಬದುರು ಕೂರಿಸುವುದರಲ್ಲಿ. ಯಾವ ಪಕ್ಷ ದೆಹಲಿಯಲ್ಲಿ ಕುಳಿತರೂ ಈ ಡಬ್ಬಿಯ ಮೇಲಿನ ಮೋಹ ಬಿಟ್ಟಿಲ್ಲ. ರಾಜ್ಯದಲ್ಲಿದ್ದಾಗ ಒಕ್ಕೂಟ ಧರ್ಮ, ಕೇಂದ್ರಕ್ಕೆ ಹೋದಾಗ ರಾಷ್ಟ್ರ ಧರ್ಮ.

ಎರಡನೆಯ ತಕರಾರು ಮಾತು ತಪ್ಪಿದ್ದರ ಬಗ್ಗೆ. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದಾಗ ರಾಜ್ಯಗಳು ತಮ್ಮ ಕೈಯಲ್ಲಿದ್ದ ಮಾರಾಟ ತೆರಿಗೆಯ ಅಧಿಕಾರವನ್ನೇ ಬಿಟ್ಟುಕೊಟ್ಟವು. ಬದಲಿಗೆ, ವರ್ಷಕ್ಕೆ ಶೇ. 14ರಂತೆ ಆದಾಯ ಬೆಳೆಯದಿದ್ದರೆ ಐದು ವರ್ಷ ಕೊರತೆ ತುಂಬಿಕೊಡುವುದಾಗಿ ಕಾನೂನೇ ಹೇಳಿತು. 2020ರ ಆಗಸ್ಟ್‌ನಲ್ಲಿ, ಕೊರೋನಾದ ಹೊತ್ತಿನಲ್ಲಿ, ಆ ಹಣಕ್ಕೆ ಕೈಚಾಚಿದಾಗ ಕೇಂದ್ರ ಹಣಕಾಸು ಸಚಿವರು ಇದನ್ನು 'ದೇವರ ಆಟ' ಎಂದು ಕರೆದರು, ರಾಜ್ಯಗಳು ಸಾಲ ಮಾಡಿಕೊಳ್ಳಲಿ ಎಂಬ ದಾರಿ ತೋರಿಸಿದರು. ಗಲಾಟೆಯಾದ ಮೇಲೆ ಅಕ್ಟೋಬರಿನಲ್ಲಿ ಕೇಂದ್ರವೇ ಸಾಲ ಎತ್ತಿ ಕೊಡಲು ಒಪ್ಪಿತು. ಮಳೆ ಬರದಿದ್ದರೆ ದೇವರ ಇಚ್ಛೆ ಎನ್ನುವ ರೈತನಿಗೂ ಬ್ಯಾಂಕು ಕಂತು ಬಿಡುವುದಿಲ್ಲ. ಸರಕಾರ ತನ್ನ ಕಂತಿಗೆ ದೇವರನ್ನು ಜಾಮೀನು ಕೊಟ್ಟದ್ದನ್ನು ನಾವು ಆಗಲೇ ನೋಡಿದ್ದು. 15ನೇ ಆಯೋಗ ತನ್ನ ಮೊದಲ ವರದಿಯಲ್ಲಿ ಕರ್ನಾಟಕದ ಪಾಲು ಒಮ್ಮೆಲೇ ಕುಸಿದದ್ದನ್ನು ಕಂಡು 2020-21ಕ್ಕೆ 5,495 ಕೋಟಿ ರೂಪಾಯಿಯ ವಿಶೇಷ ಅನುದಾನಕ್ಕೆ ಶಿಫಾರಸು ಮಾಡಿತ್ತು. ಅದನ್ನು ಕೇಂದ್ರ ಒಪ್ಪಿಕೊಳ್ಳಲಿಲ್ಲ. 2023ರ ಬರಗಾಲದಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾದವು. 18,171 ಕೋಟಿ ಕೇಳಿ, ತಿಂಗಳುಗಟ್ಟಲೆ ಕಾದು, ಕೊನೆಗೆ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ 2024ರ ಏಪ್ರಿಲ್‌ನಲ್ಲಿ ಬಿಡುಗಡೆಯಾದದ್ದು 3,454 ಕೋಟಿ. ಕೇಳಿದ್ದು ಹೆಚ್ಚಾಗಿತ್ತೋ ಕೊಟ್ಟದ್ದು ಕಡಿಮೆಯಾಯಿತೋ ವಾದ ಮಾಡಬಹುದು. ಆದರೆ ಬೆಳೆ ಒಣಗಿದ ಹೊಲದವನ ಪರಿಹಾರಕ್ಕೆ ಒಂದು ರಾಜ್ಯ ಸರಕಾರ ಕೋರ್ಟಿಗೆ ಹೋಗಬೇಕಾದ ಒಕ್ಕೂಟದಲ್ಲಿ ಹಕ್ಕು ಎಂಬ ಪದ ಖೈರಾತಿನ ಸಾಲಿನಲ್ಲಿ ನಿಂತಿದೆ ಎಂದೇ ಅರ್ಥ.

ಈಗ ನಮ್ಮ ಮನೆಯೊಳಗಿನ ಹಂಚಿಕೆಯನ್ನೂ ನೋಡಬೇಕು. 2000ದಲ್ಲಿ ರಚನೆಯಾದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ರಾಜ್ಯದ ಅಂದಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು ಎಂದಿತು. ಆ 39ರಲ್ಲಿ 26 ಉತ್ತರ ಕರ್ನಾಟಕದವು, ಅದರಲ್ಲೂ 21 ಅಂದಿನ ಗುಲ್ಬರ್ಗಾ ವಿಭಾಗದವು. ಹೈದರಾಬಾದ್ ಕರ್ನಾಟಕಕ್ಕೆ 371-ಜೆ ಬರಲು ಮತ್ತೂ ಹತ್ತು ವರ್ಷ ಬೇಕಾಯಿತು. 2019ರಲ್ಲಿ ಆ ನಾಡಿಗೆ ಕಲ್ಯಾಣ ಎಂಬ ಹೆಸರಿಟ್ಟರು. ಹೆಸರಿಡುವುದಕ್ಕೆ ಖರ್ಚು ಹೆಚ್ಚಿಲ್ಲ. ಕಲಬುರಗಿ, ಯಾದಗಿರಿಗಳ ತಲಾ ಆದಾಯ ಇಂದಿಗೂ ಬೆಂಗಳೂರಿನ ಹತ್ತಿರ ಸುಳಿಯುವುದಿಲ್ಲ. ದೆಹಲಿಯ ಮುಂದೆ ಕರ್ನಾಟಕ ನಡುವಿನ ತಮ್ಮನಾದರೆ ಕಲಬುರಗಿಯ ಮುಂದೆ ಅದೇ ಬೀಗದ ಕೈ ಹಿಡಿದ ಹಿರಿಯ.

ಊರ ಪಂಚಾಯಿತಿಗಳ ಮುಂದೆಯಂತೂ ಕೇಳುವುದೇ ಬೇಡ. ಪಂಚಾಯತ್ ರಾಜ್‌ನಲ್ಲಿ ದೇಶಕ್ಕೆ ದಾರಿ ತೋರಿದೆವು ಎಂದು ಹೇಳಿಕೊಳ್ಳುವ ನಮ್ಮ ರಾಜ್ಯದಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು, ಬೆಂಗಳೂರು ಮಹಾನಗರ ಪಾಲಿಕೆಯದು 2020ರ ಸೆಪ್ಟೆಂಬರಿನಲ್ಲಿ. ಆಮೇಲೆ ವರ್ಷಗಟ್ಟಲೆ ಚುನಾವಣೆ ಇಲ್ಲದೆ ಅಧಿಕಾರಿಗಳೇ ಖಜಾನೆ ನೋಡಿಕೊಂಡರು. ಸರಕಾರಗಳು ಬದಲಾದವು, ಈ ವಿಷಯದಲ್ಲಿ ಮಾತ್ರ ಯಾರಿಗೂ ಭಿನ್ನಾಭಿಪ್ರಾಯ ಬರಲಿಲ್ಲ. ರಾಜ್ಯಕ್ಕೂ ಒಂದು ಹಣಕಾಸು ಆಯೋಗ ಇರಬೇಕೆಂದು, ಅದು ಪಂಚಾಯಿತಿ, ಪುರಸಭೆಗಳಿಗೆ ಪಾಲು ಹೇಳಬೇಕೆಂದು ಸಂವಿಧಾನವೇ ಹೇಳಿದೆ. ಅದರ ಶಿಫಾರಸುಗಳ ಬಗ್ಗೆ ಯಾವ ಗ್ರಾಮ ಪಂಚಾಯಿತಿಯ ಅಧ್ಯಕ್ಷೆ ವಿಧಾನಸೌಧದ ಮುಂದೆ ಧರಣಿ ಕುಳಿತಳು, ಯಾವ ಟಿ.ವಿ. ಅದನ್ನು ತೋರಿಸಿತು? 'ನನ್ನ ತೆರಿಗೆ ನನ್ನ ಹಕ್ಕು' ಎಂಬ ಬ್ಯಾನರು ಅವಳ ಕೈಯಲ್ಲೂ ಚೆನ್ನಾಗಿಯೇ ಕಾಣುತ್ತಿತ್ತು.

ಅರವಿಂದ ಪನಗಾರಿಯಾ ಅವರ 16ನೇ ಆಯೋಗದ ವರದಿ 2026ರ ಬಜೆಟ್ಟಿನ ಜೊತೆಗೆ ಸಂಸತ್ತಿನ ಮುಂದೆ ಬಂತು. ರಾಜ್ಯಗಳ ಒಟ್ಟು ಪಾಲು ಶೇ. 41ರಲ್ಲೇ ನಿಂತಿದೆ, ಸೆಸ್ ಮತ್ತು ಸರ್‌ಚಾರ್ಜ್‌ಗಳು ಹೊರಗೇ ಉಳಿದಿವೆ. ಹೊಸತೆಂದರೆ ದೇಶದ ಉತ್ಪನ್ನಕ್ಕೆ ಪ್ರತಿ ರಾಜ್ಯ ಕೊಟ್ಟ ಕಾಣಿಕೆಗೆ ಶೇ. 10ರ ತೂಕ. ಮುಂಬಯಿ, ಬಂಗಾಳಗಳು 1952ರಲ್ಲಿ ಕೇಳಿದ್ದು ಬೇರೆ ವೇಷದಲ್ಲಿ ಮರಳಿದೆ. ಕರ್ನಾಟಕದ ಪಾಲು ಶೇ. 4ಕ್ಕೆ ಸ್ವಲ್ಪ ಮೇಲೆ ಏರಿದೆ, ಆದರೂ 14ನೇ ಆಯೋಗದ ಮಟ್ಟವನ್ನು ಮುಟ್ಟಿಲ್ಲ. ದುಡಿದವನಿಗೆ ಒಂದಷ್ಟು ಮನ್ನಣೆ ಸಿಗಲಿ ಎಂಬುದನ್ನು ನಾವು ವಿರೋಧಿಸುವುದಿಲ್ಲ. ದಮ್ಮಾಮ್‌ನವನಿಗೂ ಒಂದು ಜೊತೆ ಹೊಸ ಬಟ್ಟೆ ಬೇಕು. ಆದರೆ ಗಂಟು ಅಷ್ಟೇ ಇರುವಾಗ ಈ ಏರಿಕೆ ಬಂದದ್ದು ಹಿರಿಯನ ಡಬ್ಬಿಯಿಂದ ಅಲ್ಲ, ಕಿರಿಯವರ ತಟ್ಟೆಯಿಂದ. 2031ರವರೆಗೆ ಈ ಲೆಕ್ಕವೇ ನಡೆಯಲಿದೆ. ಅಷ್ಟರೊಳಗೆ ಬೆಂಗಳೂರಿನಿಂದ ಯಾರಾದರೂ ಪಟ್ನಾಕ್ಕೆ ಹೋಗಿ ಡಬ್ಬಿಯ ವಿಷಯ ಮಾತಾಡುತ್ತಾರೋ ಇಲ್ಲವೋ ನೋಡಬೇಕು. ಹೆಚ್ಚಿಗೆ ಬಂದ ಹಣದಲ್ಲಿ ದೇವದುರ್ಗಕ್ಕೆ ಎಷ್ಟು ಹೋಯಿತು ಎಂಬುದನ್ನು ರಾಜ್ಯದ ಬಜೆಟ್ಟಿನ ಪುಸ್ತಕದಲ್ಲಿ ಹುಡುಕುವ ಕೆಲಸವಂತೂ ನಮಗೇ ಇದೆ.